ಪ್ರತಿಕ್ರಿಯೆ: ಯುದ್ಧದಲ್ಲಿ ಮಡಿದ ಹಳೆ ವಿದ್ಯಾರ್ಥಿಗಳ ಕಾಗದಪತ್ರ ಉಳಿಸುವುದು ಹೇಗೆ?

ನಮಸ್ಕಾರ. 1965 ಮತ್ತು 1971ರ ಯುದ್ಧಗಳಲ್ಲಿ ಮಡಿದ ಹಳೆ ವಿದ್ಯಾರ್ಥಿಗಳ ಪತ್ರ, ಫೋಟೋಗಳು ನಿಮ್ಮ ಉಡುಪಿ ಕಾಲೇಜಿನಲ್ಲಿ ಹಾಳಾಗುತ್ತಿವೆ, ಲ್ಯಾಮಿನೇಟ್ ಮಾಡಿಸಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲು ಹೋದರೆ ಕಾಗದವೇ ಹರಿಯುತ್ತದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ತೇವವೇ ಜಾಸ್ತಿ ಹಾಳು ಮಾಡುವುದು. ಪೆಟ್ಟಿಗೆಗಳನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಬೂಷ್ಟು ಹಿಡಿದದ್ದನ್ನು ಬೇರೆ ಮಾಡಿ. ತುಕ್ಕು ಹಿಡಿದ ಪಿನ್ನು, ರಬ್ಬರ್ ಬ್ಯಾಂಡ್ ನಿಧಾನವಾಗಿ ತೆಗೆಯಿರಿ. ಆಮ್ಲವಿಲ್ಲದ (ಆಸಿಡ್-ಫ್ರೀ, ಬೇಗ ಹಳದಿಯಾಗದ) ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಇಡಿ. ಫೋಟೋದ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆ ಪೆನ್ಸಿಲ್ ಸಾಕು, ಪೆನ್ನು ಬೇಡ. ಸ್ಕ್ಯಾನ್ ಪ್ರತಿಗಳು ಎರಡು ಮೂರು ಬೇರೆ ಬೇರೆ ಕಡೆ ಇರಲಿ.

ಹೆಸರು ತಾಳೆ ನೋಡಲು ಒಂದು ಮಾತು. ಮಂಗಳೂರು ವಿಶ್ವವಿದ್ಯಾಲಯ ಶುರುವಾದದ್ದೇ 1980ರಲ್ಲಿ. ಹಾಗಾಗಿ ಆ ಹುಡುಗರ ಪದವಿ ದಾಖಲೆಗಳಿಗೆ ಮೈಸೂರು ವಿಶ್ವವಿದ್ಯಾಲಯಕ್ಕೆ ಬರೆಯಿರಿ. ಇನ್ನೂ ಹಿಂದಿನವರಾದರೆ ಮದ್ರಾಸ್. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ ಸ್ವಾತಂತ್ರ್ಯಾನಂತರ ಮಡಿದ ಸೈನಿಕರ ಹೆಸರುಗಳಿವೆ. ಎರಡನೇ ಮಹಾಯುದ್ಧದವರಿಗೆ, ಆ ಯುದ್ಧದಲ್ಲಿ ಮಡಿದವರ ದಾಖಲೆ ಇಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಸಂಸ್ಥೆಯ ಪಟ್ಟಿ ನೋಡಿ. ಮನೆಯವರನ್ನು ಹುಡುಕಲು ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಆದರೆ ನನ್ನ ಕೇಳಿದರೆ, ಮೊದಲು ಅವರ ಅಕ್ಕ ತಂಗಿ, ಅಣ್ಣ ತಮ್ಮ, ಸಹಪಾಠಿಗಳ ಮಾತು ರೆಕಾರ್ಡ್ ಮಾಡಿಕೊಳ್ಳಿ. ಅವರಿಗೆಲ್ಲ ಈಗ ಎಪ್ಪತ್ತು ದಾಟಿದೆ, ಅಲ್ವಾ? ಸ್ಕ್ಯಾನರ್ ಮುಂದಿನ ತಿಂಗಳು ತಂದರೂ ಆಗುತ್ತದೆ.