ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿದ್ದು ನಿಜವೇ?

ಹೌದು, ನಿಜ. 2013-14ರ ಸೀಸನ್ ಅದು. ಆಗ ಐ-ಲೀಗ್ ಅಂದರೆ ಭಾರತದ ಅಗ್ರ ಫುಟ್‌ಬಾಲ್ ಲೀಗ್. ಕ್ಲಬ್ ಹುಟ್ಟಿದ್ದೇ 2013ರ ಜುಲೈನಲ್ಲಿ. ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೊದಲ ಪಂದ್ಯ. ಎದುರಿಗೆ ಕೋಲ್ಕತ್ತದ ಹಳೇ ದಿಗ್ಗಜ ಕ್ಲಬ್ ಮೋಹನ್ ಬಗಾನ್! 1-1 ಡ್ರಾ ಆಯಿತು.

ಕೋಚ್ ಆಶ್ಲೆ ವೆಸ್ಟ್‌ವುಡ್, ನಾಯಕ ಸುನಿಲ್ ಛೇತ್ರಿ. ಛೇತ್ರಿ ಒಬ್ಬರೇ 14 ಗೋಲು ಹೊಡೆದರು. ಆದರೆ ನನ್ನ ಪ್ರಕಾರ ಗೆಲುವಿಗೆ ಇನ್ನೂ ದೊಡ್ಡ ಕಾರಣ ವೆಸ್ಟ್‌ವುಡ್ ತಂದ ಶಿಸ್ತು. ಫಿಟ್‌ನೆಸ್, ಊಟ ಎಲ್ಲದರ ಮೇಲೂ ಅವರ ಕಣ್ಣಿತ್ತು.

2014ರ ಏಪ್ರಿಲ್ 21ರಂದು ಮಡಗಾಂವ್‌ನ ಫತೋರ್ಡಾದಲ್ಲಿ ಗೋವಾದ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಇನ್ನೂ ಒಂದು ಪಂದ್ಯ ಇರುವಾಗಲೇ ಪ್ರಶಸ್ತಿ ಗೆದ್ದರು. ಅದೂ ಐದು ಸಲ ಚಾಂಪಿಯನ್ ಆಗಿದ್ದ ತಂಡದ ಊರಲ್ಲೇ! ಒಟ್ಟು 24 ಪಂದ್ಯ, 47 ಅಂಕ. ಈಸ್ಟ್ ಬೆಂಗಾಲ್ ಎರಡನೆಯದು. ಹಿಂದಿನ ವರ್ಷದ ಚಾಂಪಿಯನ್ ಚರ್ಚಿಲ್ ಬ್ರದರ್ಸ್ ಮಾತ್ರ ಅದೇ ಸೀಸನ್‌ನಲ್ಲಿ ಪಟ್ಟಿಯಲ್ಲಿ ತುಂಬಾ ಕೆಳಕ್ಕೆ ಕುಸಿಯಿತು.