ಬಿಟ್ಟು ಬಿಟ್ಟು ಬೀಸುವ ಗಾಳಿಯಲ್ಲಿ ಟ್ರೇನರ್ ಇಳಿಸುವುದು

ಅಣ್ಣಾರೆ, ಗದಗಿನ ಹೊಲದಲ್ಲಿ ನಿಮ್ಮ ಆರ್‌ಸಿ ಟ್ರೇನರ್ (ರಿಮೋಟ್‌ನಿಂದ ಹಾರಿಸುವ, ಕಲಿಯುವವರ ಪುಟ್ಟ ವಿಮಾನ) ಬಿದ್ದ ವಿಡಿಯೋ ನೋಡಿದೆ. ಆಳೆತ್ತರಕ್ಕೆ ಇಳಿದ ಮೇಲೆ ಎಡ ರೆಕ್ಕೆ ವಾಲಿ ಮೂತಿ ಮುರಿದಿದೆ. ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ಕೆಟ್ಟಿದೆಯಾ, ಹೊಸದು ತರಲಾ ಅಂತ ಕೇಳಿದ್ದೀರಿ. ಸುಮ್ನೆ ದುಡ್ಡು ಹಾಕಬೇಡಿ. ವಿಡಿಯೋದಲ್ಲಿ ಹಿಂದಿರುವ ಜೋಳದ ಬೆಳೆ ನೋಡಿ. ಬಾಗಿದ್ದ ತೆನೆಗಳು ಒಮ್ಮೆಲೇ ನೆಟ್ಟಗಾಗುತ್ತವೆ. ಅಂದರೆ ಗಾಳಿ ತಟ್ಟನೆ ಬಿದ್ದಿದೆ. ಅದರ ಬೆನ್ನಿಗೇ ರೆಕ್ಕೆ ವಾಲಿದೆ.

ರೆಕ್ಕೆಗೆ ಬೇಕಾದದ್ದು ಸುತ್ತಲಿನ ಗಾಳಿಯ ಲೆಕ್ಕದಲ್ಲಿ ವಿಮಾನದ ವೇಗ, ನೆಲದ ಲೆಕ್ಕದ ವೇಗ ಅಲ್ಲ. ವಿಮಾನ ನೆಲದ ಲೆಕ್ಕದಲ್ಲಿ ಗಂಟೆಗೆ 20 ಕಿ.ಮೀ. ಬರುತ್ತಿದೆ, ಎದುರುಗಾಳಿ 15 ಇದೆ ಅನ್ನಿ. ರೆಕ್ಕೆಗೆ ಸಿಗುವುದು 35. ಗಾಳಿ ತಟ್ಟನೆ 5ಕ್ಕೆ ಬಿದ್ದರೆ ಉಳಿಯುವುದು 25. ವಿಮಾನದ ಸ್ಟಾಲ್ ವೇಗ (ಅದಕ್ಕಿಂತ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲ್ಲ) 28 ಇದ್ದರೆ ಮುಗಿಯಿತು ಕಥೆ. ಅದೇ ಹೊತ್ತಿಗೆ ಗಾಬರಿಯಲ್ಲಿ ಮೂತಿ ಎತ್ತಲು ಎಲಿವೇಟರ್ (ಬಾಲದ ಅಡ್ಡ ಪಟ್ಟಿ) ಎಳೆದರೆ ಇನ್ನೂ ಬೇಗ ಸ್ಟಾಲ್ ಆಗುತ್ತದೆ. ನೆಲದ ಹತ್ತಿರ ಗಾಳಿ ಹೇಗೂ ಕಡಿಮೆ. ಮೇಲಾಗಿ ನಿಮ್ಮ ಎದುರಿಗೇ ಬದುವಿನ ಬೇವಿನ ಸಾಲು. ಮರದ ಎತ್ತರದ ಹತ್ತು ಪಟ್ಟು ದೂರದವರೆಗೂ ಅದರ ಮರೆ ಇರುತ್ತದೆ. ಸಾಲಿನಿಂದ ಆದಷ್ಟು ದೂರ ಇಳಿಸಿ.

ಇಂಥ ದಿನ ಥ್ರಾಟಲ್ ಪೂರ್ತಿ ಕಟ್ ಮಾಡಬೇಡಿ. ಚಕ್ರ ತಾಗುವವರೆಗೂ ಸ್ವಲ್ಪ ಪವರ್ ಇರಲಿ. ನಿಜವಾದ ಸಣ್ಣ ವಿಮಾನದ ಪೈಲಟ್‌ಗಳ ಲೆಕ್ಕವೂ ಇದೇ. ಗಾಳಿ 10 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ನಡುನಡುವೆ 20 ಹೊಡೆಯುತ್ತಿದ್ದರೆ ವ್ಯತ್ಯಾಸದ ಅರ್ಧ, ಅಂದರೆ 5 ನಾಟ್ ಜಾಸ್ತಿ ಇಟ್ಟುಕೊಂಡು ಬರುತ್ತಾರೆ.

ಕೊನೆಯ ತಿರುವಿಗೆ ಮುಂಚೆ ಗಾಳಿ ಹಿಂದಿನಿಂದ ತಳ್ಳುತ್ತಿರುತ್ತದೆ. ವಿಮಾನ ಜೋರಾಗಿ ಓಡುತ್ತಿದೆ ಅನಿಸುತ್ತದೆ. ಅದನ್ನು ನಂಬಿ ಥ್ರಾಟಲ್ ಇಳಿಸಿದರೆ ತಿರುವಿನಲ್ಲೇ ಬೀಳುತ್ತದೆ. ಹೊಸಬರ ಎಷ್ಟೋ ವಿಮಾನ ಮುರಿಯುವುದು ಇಲ್ಲೇ, ಯಾರೂ ಒಪ್ಪಲ್ಲ ಅಷ್ಟೇ.

ಸರಿ ಬರುತ್ತಿಲ್ಲ ಅನಿಸಿದರೆ ರೆಕ್ಕೆ ಸಮ ಮಾಡಿ, ಫುಲ್ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹಾಕಿ. ಅದರಲ್ಲಿ ನಾಚಿಕೆ ಏನಿಲ್ಲ. 2021ರ ಜೂನ್‌ನಲ್ಲಿ ಕಣ್ಣೂರಿನಿಂದ ಹುಬ್ಬಳ್ಳಿಗೆ ಬಂದ ಎಟಿಆರ್ ಪ್ರಯಾಣಿಕರ ವಿಮಾನ ಕೂಡ ಅಡ್ಡಗಾಳಿಗೆ ಮೊದಲ ಸಲ ಇಳಿಯದೆ ಮೇಲೇರಿತ್ತು. ಎರಡನೇ ಸಲ ಟೈರ್ ಒಡೆಯಿತು, ಆದರೆ ಒಳಗಿದ್ದವರಿಗೆ ಏನೂ ಆಗಲಿಲ್ಲ.

ಹೊಲದ ಎರಡೂ ತುದಿಗೆ ಕೋಲು ನೆಟ್ಟು ರಿಬ್ಬನ್ ಕಟ್ಟಿ. ಎರಡು ರಿಬ್ಬನ್ ಬೇರೆ ಬೇರೆ ಕಡೆ ಹಾರಿದರೆ ಆ ಹೊತ್ತು ಬೇಡ, ಚಹಾ ಕುಡಿದು ಬನ್ನಿ. ಬಿಸಿಲೇರುವ ಮುಂಚೆ ಹಾರಿಸಿದರೆ ಗಾಳಿಯ ಕಾಟ ಕಡಿಮೆ.

ಮೂತಿ ಅಂಟಿಸುವಾಗ ಫೋಮ್‌ಗೆ ಆಗುವ ಗಮ್ಮೇ ತನ್ನಿ. ಸಾದಾ ಸೂಪರ್ ಗ್ಲೂ ಥರ್ಮಾಕೋಲ್ ಥರದ ಫೋಮನ್ನು ತಿಂದುಹಾಕುತ್ತದೆ. ಅಂಟಿಸಿದ ಮೇಲೆ ಮೋಟಾರ್ ಮೊದಲಿನ ಕೋನದಲ್ಲೇ ಕೂತಿದೆಯಾ ನೋಡಿ, ಬ್ಯಾಟರಿ ಹಾಕಿ ಸಿಜಿ (ವಿಮಾನದ ತೂಕ ಸಮತೂಗುವ ಜಾಗ) ಇನ್ನೊಮ್ಮೆ ಚೆಕ್ ಮಾಡಿ.