ಚೀಲ ಬಿಚ್ಚಲು ಎರಡು ಕೈ: ಹಳೇ ಪೋಸ್ಟಾಫೀಸಿನ ಕಥೆ ಕಳಿಸಿದವರಿಗೆ ಉತ್ತರ

ಪ್ರಿಯ ಲೇಖಕರಿಗೆ,

ನಮಸ್ಕಾರ. ನಿಮ್ಮ ಕಥೆಯನ್ನು ಎರಡು ಸಲ ಓದಿದೆವು. 1918ರ ಅಕ್ಟೋಬರ್ ತಿಂಗಳು, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನೀವೇ ಕಟ್ಟಿದ ಒಂದು ಊರು, ಅಲ್ಲೊಂದು ಸಬ್ ಪೋಸ್ಟಾಫೀಸು. ಮೊದಲ ಮಹಾಯುದ್ಧದ ಕಾಲ, ಗುಮಾಸ್ತ ಮೆಸೊಪೊಟೇಮಿಯಾಕ್ಕೆ (ಇಂದಿನ ಇರಾಕಿಗೆ), ಸೈನ್ಯದ ಅಂಚೆ ಕೆಲಸಕ್ಕೆ ಹೋಗಿದ್ದಾನೆ. ಪೋಸ್ಟ್‌ಮ್ಯಾನ್ ಇನ್‌ಫ್ಲುಯೆಂಜಾದಲ್ಲಿ ಮಲಗಿದ್ದಾನೆ. ಟಪಾಲು ಚೀಲ ಹೊತ್ತು ಓಡುವ ಹರಿಕಾರ ಅದೇ ಜ್ವರಕ್ಕೆ ತೀರಿಕೊಂಡಿದ್ದಾನೆ. ಉಳಿದ ಪೋಸ್ಟ್‌ಮಾಸ್ತರು ಹನ್ನೊಂದು ಪುಟ ಒದ್ದಾಡಿ, ಕೊನೆಗೆ ಮೇಜಿನ ಮೇಲೆ ತಲೆಯಿಟ್ಟು ಪ್ರಾಣ ಬಿಡುತ್ತಾರೆ.

ವಸ್ತು ಅಪರೂಪದ್ದು. ಯುದ್ಧ, ಜ್ವರ, ಆಳಿನ ಅಭಾವ ಮೂರೂ ಒಟ್ಟಿಗೆ ಒಂದು ಸಣ್ಣ ಕಚೇರಿಯ ಮೇಲೆ ಬಿದ್ದ ವರ್ಷ ಅದು. ಆದರೆ ಈಗಿರುವ ರೂಪದಲ್ಲಿ ಕಥೆಯನ್ನು ಪ್ರಕಟಿಸಲು ಆಗುವುದಿಲ್ಲ. ಕಾರಣ ಒಂದೇ. ಜನ ಇಲ್ಲ ಎಂದು ನಿಮ್ಮ ಮಾಸ್ತರು ಎಂಟು ಕಡೆ ಹೇಳುತ್ತಾರೆ, ಜನ ಇಲ್ಲದ್ದರಿಂದ ಯಾವ ಕೆಲಸ ನಿಂತಿತು ಎಂಬುದು ಒಂದು ಕಡೆಯೂ ಕಾಣುವುದಿಲ್ಲ. ನಿಟ್ಟುಸಿರು ಇದೆ, ಕೆಲಸ ಇಲ್ಲ.

ಮೂರನೇ ಪುಟದಲ್ಲಿ ‘ಟಪಾಲು ಚೀಲ ಬಂತು’ ಎಂದು ಬರೆದು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಆಗಿನ ಕ್ರಮದಲ್ಲಿ ಚೀಲ ಬಂದ ಕೂಡಲೇ ನೋಡುವುದು ಅದರ ಬಾಯಿಯನ್ನು: ಹುರಿಯ ಗಂಟು ನೆಟ್ಟಗಿದೆಯೇ, ಅರಗಿನ ಮೇಲಿನ ಮೊಹರು ಒಡೆಯದೆ ಇದೆಯೇ, ಲೇಬಲ್ಲಿನಲ್ಲಿ ಕಳಿಸಿದ ಕಚೇರಿಯ ಹೆಸರು ಸರಿಯಿದೆಯೇ. ಮೊಹರು ಹಾಳಾಗದಂತೆ ಹುರಿ ಕತ್ತರಿಸಬೇಕು. ಒಳಗಿನದನ್ನು ಸುರಿದ ಮೇಲೆ ಚೀಲವನ್ನು ಒಳಮಗ್ಗುಲು ತಿರುಗಿಸಿ ಕೊಡವಬೇಕು, ಮೂಲೆಯಲ್ಲಿ ಒಂದು ಕಾರ್ಡು ಸಿಕ್ಕಿಕೊಂಡರೆ ಅದು ಮರುದಿನ ಬಂದ ಊರಿಗೇ ವಾಪಸು ಹೋಗುತ್ತದೆ. ರಿಜಿಸ್ಟರ್ ಕಾಗದಗಳದ್ದು ಒಳಗೆ ಬೇರೆಯೇ ಚೀಲ, ಜೊತೆಗೆ ಪಟ್ಟಿ. ಪಟ್ಟಿಯ ಒಂದೊಂದು ನಂಬರನ್ನೂ ಕೈಯಲ್ಲಿರುವ ಕಾಗದದೊಂದಿಗೆ ತಾಳೆ ನೋಡಬೇಕು. ಅಂಚೆಚೀಟಿ ಇಲ್ಲದ ಬೇರಿಂಗ್ ಕಾಗದಗಳನ್ನು ಬೇರೆ ಇಟ್ಟು, ಪಡೆಯುವವರಿಂದ ಇಮ್ಮಡಿ ವಸೂಲಿ ಮಾಡುವ ಹಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಳಿದವಕ್ಕೆ ಆ ದಿನದ ಮುದ್ರೆ, ಆಮೇಲೆ ಊರುವಾರು ವಿಂಗಡಣೆ, ಆಮೇಲೆ ಬಟವಾಡೆಗೆ ಹೊರಡುವವನ ಪುಸ್ತಕದಲ್ಲಿ ರಿಜಿಸ್ಟರ್ ಮತ್ತು ಮನಿಯಾರ್ಡರುಗಳ ನಮೂದು, ಅವನ ಸಹಿ, ಅವನ ಕೈಗೆ ಎಣಿಸಿದ ದುಡ್ಡು.

ಇಬ್ಬರಿದ್ದರೆ ಒಬ್ಬ ಪಟ್ಟಿ ಓದುತ್ತಾನೆ, ಇನ್ನೊಬ್ಬ ಕಾಗದ ಎತ್ತಿ ತೋರಿಸುತ್ತಾನೆ. ಒಬ್ಬ ಮುದ್ರೆ ಹೊಡೆಯುವಾಗ ಇನ್ನೊಬ್ಬ ವಿಂಗಡಿಸುತ್ತಾನೆ. ಒಬ್ಬನೇ ಆದರೆ ಎಲ್ಲವೂ ಒಂದಾದ ಮೇಲೊಂದು. ಪಟ್ಟಿಯ ಏಳನೇ ನಂಬರಿಗೆ ಬೆರಳಿಟ್ಟಿದ್ದಾಗ ಕಿಟಕಿಯಲ್ಲಿ ಯಾರೋ ಕಾಲಾಣೆ ಚಾಚುತ್ತಾರೆ, ಕಾರ್ಡು ಬೇಕು. ರಿಜಿಸ್ಟರ್ ಕಾಗದಗಳನ್ನು ಮೇಜಿನ ಮೇಲೆ ಬಿಟ್ಟು ಏಳುವಂತಿಲ್ಲ. ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ, ಬೀಗ ಹಾಕಿ, ಕಾರ್ಡು ಕೊಟ್ಟು, ಬೀಗ ತೆಗೆದು, ಮತ್ತೆ ಒಂದನೇ ನಂಬರಿನಿಂದ. ಇದನ್ನು ಒಮ್ಮೆ ಪೂರ್ತಿ ಬರೆಯಿರಿ, ಎರಡನೇ ಸಲ ಕಿಟಕಿ ತಟ್ಟಿದ ಸದ್ದು ಮಾತ್ರ ಕೇಳಿಸಿ. ಓದುವವರಿಗೆ ಮಾಸ್ತರ ಸ್ಥಿತಿ ತಿಳಿಯುತ್ತದೆ, ಅವರು ಬಾಯಿ ಬಿಡಬೇಕಾಗಿಲ್ಲ.

ಯಾವ ಕೆಲಸ ಮೊದಲು ಬಿಟ್ಟುಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ರವಾನೆಯ ಚೀಲ ಕಟ್ಟುವುದು ಎಂದೂ ಬಿಟ್ಟುಹೋಗುವುದಿಲ್ಲ. ಹರಿಕಾರ ಹೊರಟ ಹೊತ್ತು, ತಲುಪಿದ ಹೊತ್ತು ಚೀಟಿಯಲ್ಲಿ ಬರೆದಿರುತ್ತದೆ, ತಡವಾದರೆ ಯಾವ ಕಚೇರಿಯಲ್ಲಿ ತಡವಾಯಿತು ಎಂದು ಅದೇ ಸಾಕ್ಷಿ ಹೇಳುತ್ತದೆ. ಆದ್ದರಿಂದ ಚೀಲ ಹೊತ್ತಿಗೆ ಸರಿಯಾಗಿ ಹೋಗುತ್ತದೆ, ಹಿಂದೆ ಬೀಳುವುದು ಯಾರೂ ತಕ್ಷಣ ನೋಡದ ಕೆಲಸ: ಸೇವಿಂಗ್ಸ್ ಬ್ಯಾಂಕಿನ ನಮೂದು, ಅಂಚೆಚೀಟಿಯ ದಾಸ್ತಾನು ಎಣಿಕೆ, ದಿನದ ಲೆಕ್ಕದ ತಾಳೆ. ‘ನಾಳೆ ನೋಡೋಣ’ ಎಂದು ಬಿಟ್ಟ ಮೂರು ರೂಪಾಯಿ ವ್ಯತ್ಯಾಸ ನಾಲ್ಕನೇ ದಿನಕ್ಕೆ ಎಲ್ಲಿಯದೆಂದೇ ಗೊತ್ತಾಗುವುದಿಲ್ಲ. ಮಳೆ ಪೂರ್ತಿ ಬಿಡದ ಸೀಮೆಯಲ್ಲಿ ಮುದ್ರೆಯ ಮಸಿ ಒಣಗದೆ ಮುಂದಿನ ಕಾಗದಕ್ಕೆ ಅಂಟುತ್ತದೆ, ಅವಸರದಲ್ಲಿ ತಾರೀಖಿನ ಅಚ್ಚು ಬದಲಿಸಲು ಮರೆತರೆ ಆ ದಿನದ ಕಾಗದಗಳೆಲ್ಲ ನಿನ್ನೆಯವಾಗುತ್ತವೆ. ನಿಮ್ಮ ಮಾಸ್ತರ ದಣಿವಿಗೆ ಇಂಥ ಒಂದು ತಪ್ಪು ಸಾಕು.

ಇನ್ನೂ ಮುಖ್ಯವಾದದ್ದೊಂದಿದೆ. ಅಂಚೆಯ ವ್ಯವಸ್ಥೆ ನಿಂತಿರುವುದೇ ಎರಡು ಸಹಿಯ ಮೇಲೆ. ಕೊಟ್ಟವನ ಸಹಿ, ತೆಗೆದುಕೊಂಡವನ ಸಹಿ. ಮಾಸ್ತರು ಪೋಸ್ಟ್‌ಮ್ಯಾನನಿಗೆ ಹಣ ಕೊಟ್ಟಾಗ ಅವನ ಸಹಿ, ಅವನು ಊರಿಗೆ ಹೋಗಿ ಕೊಟ್ಟಾಗ ಪಡೆದವರ ಸಹಿ, ಬರೆಯಲು ಬಾರದಿದ್ದರೆ ಹೆಬ್ಬೆಟ್ಟು ಮತ್ತು ಪಕ್ಕದಲ್ಲಿ ಸಾಕ್ಷಿ. ಒಬ್ಬನೇ ಉಳಿದಾಗ ಕೊಟ್ಟವನೂ ಅವನೇ, ತೆಗೆದುಕೊಂಡವನೂ ಅವನೇ. ಪ್ರಾಮಾಣಿಕನಾದವನಿಗೂ ತನ್ನ ಪ್ರಾಮಾಣಿಕತೆಗೆ ಸಾಕ್ಷಿ ಇಲ್ಲವಾಗುತ್ತದೆ. ನಿಮ್ಮ ಮಾಸ್ತರ ನಿಜವಾದ ಭಯ ಇದೇ ಆಗಿರಬೇಕಿತ್ತು, ಜ್ವರ ಆಮೇಲೆ.

ಐದನೇ ಪುಟದಲ್ಲಿ ಅವರು ಕಚೇರಿಗೆ ಬೀಗ ಹಾಕಿ, ಮನಿಯಾರ್ಡರ್ ದುಡ್ಡು ಚೀಲಕ್ಕೆ ಹಾಕಿಕೊಂಡು ಮೂರು ಊರು ಸುತ್ತುತ್ತಾರೆ. ಹಾಗೆ ಮಾಡುವಂತಿಲ್ಲ. ಖಜಾನೆ ಪೆಟ್ಟಿಗೆ, ಅಂಚೆಚೀಟಿ, ಮುದ್ರೆ ಇರುವ ಕಚೇರಿಯನ್ನು ಕೆಲಸದ ಹೊತ್ತಿನಲ್ಲಿ ಬಿಟ್ಟು ಹೋದರೆ ಅದೇ ದೊಡ್ಡ ತಪ್ಪು. ಪೋಸ್ಟ್‌ಮ್ಯಾನ್ ಇಲ್ಲದಾಗ ಸಾಧಾರಣ ಕಾಗದವನ್ನು ಆ ಊರಿನಿಂದ ಸಂತೆಗೆ ಬಂದವರ ಕೈಯಲ್ಲಿ ಕಳಿಸಬಹುದು, ಊರಿನ ಶಾಲೆ ಮೇಷ್ಟ್ರ ಹತ್ತಿರ ಕೊಟ್ಟಿಡಬಹುದು. ದುಡ್ಡನ್ನು ಹಾಗೆ ಕಳಿಸಲಾಗದು, ಪಡೆಯುವವರೇ ಕಿಟಕಿಗೆ ಬರಬೇಕು. ಜ್ವರದಲ್ಲಿ ಮಲಗಿದವರು ಬರಲಾರರು. ಮಾಸ್ತರ ಪೆಟ್ಟಿಗೆಯಲ್ಲಿ ಹಣ ಇದೆ, ಎರಡು ಮೈಲಿ ಆಚೆ ಗಂಜಿಗೆ ಅಕ್ಕಿ ಇಲ್ಲದ ಮನೆ ಇದೆ, ನಡುವೆ ನಡೆಯುವ ಕಾಲು ಇಲ್ಲ. ನಿಮ್ಮ ಕಥೆಯ ನಡು ಇದು.

ಹರಿಕಾರನ ವಿಷಯ. ನಿಮ್ಮ ಹರಿಕಾರ ಶಿವಮೊಗ್ಗದಿಂದ ಒಬ್ಬನೇ ರಾತ್ರಿಯೆಲ್ಲ ಓಡಿ ಬರುತ್ತಾನೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೇ ಸುಮಾರು 38 ಮೈಲಿ. ಹರಿಕಾರರ ದಾರಿಯನ್ನು ಐದಾರು ಮೈಲಿಗೊಂದು ತುಂಡು ಮಾಡಿ, ತುಂಡಿಗೊಬ್ಬನನ್ನು ಇಡುವುದು ಆಗಿನ ಪದ್ಧತಿ. ಒಬ್ಬ ತಂದ ಚೀಲವನ್ನು ಇನ್ನೊಬ್ಬ ಹೆಗಲಿಗೇರಿಸಿ, ಗೆಜ್ಜೆ ಕಟ್ಟಿದ ಈಟಿ ಹಿಡಿದು ಹೊರಡುತ್ತಾನೆ. ಇದರಿಂದ ನಿಮ್ಮ ಕಥೆಗೆ ಲಾಭವೇ ಇದೆ. ನಡುವಿನ ಒಬ್ಬ ಬಿದ್ದರೆ ಸರಪಳಿಯೇ ಕಡಿಯುತ್ತದೆ, ಹಿಂದಿನವನು ತನ್ನ ಪಾಲು ಮುಗಿಸಿ ನಿಂತಿದ್ದಾನೆ, ಚೀಲ ಎತ್ತಿಕೊಳ್ಳುವವನಿಲ್ಲ. ಅವನು ಇನ್ನೂ ಐದಾರು ಮೈಲಿ ನಡೆಯಬೇಕು, ಮರುದಿನ ಅವನಿಗೂ ಜ್ವರ. ಜ್ವರ ಊರಿಂದ ಊರಿಗೆ ಹೇಗೆ ನಡೆಯಿತು ಎಂಬುದನ್ನೂ ಇದೇ ದಾರಿಯಲ್ಲಿ ತೋರಿಸಬಹುದು.

ಬದಲಿ ಆಳು ಸಿಗದ್ದಕ್ಕೆ ನೀವು ಕೊಟ್ಟ ಕಾರಣ ‘ಎಲ್ಲರಿಗೂ ಹೆದರಿಕೆ’ ಎಂಬುದು. ಹೆದರಿಕೆ ಇತ್ತು. ಅದರ ಜೊತೆ ಹೊಟ್ಟೆಯ ಲೆಕ್ಕವೂ ಇತ್ತು. ಯುದ್ಧದ ವರ್ಷಗಳಲ್ಲಿ ಅಕ್ಕಿ, ಬಟ್ಟೆ, ಸೀಮೆಎಣ್ಣೆ ಎಲ್ಲದರ ಬೆಲೆ ಏರಿತ್ತು, ಹರಿಕಾರನ ತಿಂಗಳ ಸಂಬಳ ಅಷ್ಟು ಬೇಗ ಏರಲಿಲ್ಲ. ಮುಂದೆ ಅಡಿಕೆ ಕೊಯ್ಲು, ಕಾಫಿ ಹಣ್ಣಿನ ಕೆಲಸ ಶುರುವಾಗುವ ಕಾಲ. ಗಟ್ಟಿ ಕಾಲಿನ ಆಳಿಗೆ ತೋಟದಲ್ಲಿ ಕೆಲಸ ಸಿಗುತ್ತದೆ, ಅಲ್ಲಿ ರಾತ್ರಿ ಕಾಡಿನಲ್ಲಿ ಒಬ್ಬನೇ ನಡೆಯಬೇಕಾಗಿಲ್ಲ. ಇನ್ನು ಗುಮಾಸ್ತನ ಜಾಗ. ದುಡ್ಡು ಮುಟ್ಟುವ ಕೆಲಸಕ್ಕೆ ಜಾಮೀನು ಬೇಕು, ಓದು ಬರಹದ ಜೊತೆ ಇಂಗ್ಲಿಷ್ ಬೇಕು, ಮೇಲಿನಿಂದ ಅಪ್ಪಣೆ ಬೇಕು. ಯುದ್ಧಕ್ಕೆ ಹೋದವನ ಹುದ್ದೆ ಅವನ ಹೆಸರಿನಲ್ಲೇ ಇರುವುದರಿಂದ ಬಂದವನು ಹಂಗಾಮಿ, ಹೋದವನು ಮರಳಿದ ದಿನ ಇವನು ಮನೆಗೆ. ಅಷ್ಟಕ್ಕೆ ಮಲೆನಾಡಿನ ಚಳಿಜ್ವರದ ಸೀಮೆಗೆ ಯಾರು ಬರುತ್ತಾರೆ? ಹೀಗಿರುವಾಗ ನಿಮ್ಮ ಮಾಸ್ತರು ಸೋದರಳಿಯನನ್ನು ಕರೆದು ‘ಇವತ್ತಿನಿಂದ ನೀನೇ ಗುಮಾಸ್ತ’ ಎನ್ನುವುದು ನಡೆಯದ ಮಾತು. ಚೀಲ ಹೊರಲು ದಿನಗೂಲಿಗೆ ಒಬ್ಬನನ್ನು ಹಿಡಿದು ಸೂಪರಿಂಟೆಂಡೆಂಟರಿಗೆ ಬರೆದು ತಿಳಿಸಬಹುದು, ಖಜಾನೆ ಪೆಟ್ಟಿಗೆಯ ಬೀಗದ ಕೈ ಕೊಡಲಾಗದು.

ಒಂಬತ್ತನೇ ಪುಟದಲ್ಲಿ ‘ಮೈಸೂರು ಅಂಚೆ ಇಲಾಖೆ’ಯ ಅಮಲ್ದಾರರು ತನಿಖೆಗೆ ಬರುತ್ತಾರೆ. ಅಮಲ್ದಾರರು ಕಂದಾಯದವರು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದು ಬಂದಿದ್ದ ಮೈಸೂರು ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗಿತ್ತು. ಜನರ ಬಾಯಲ್ಲಿ ‘ಅಂಚೆ’ ಎಂಬ ಮಾತು ಉಳಿಯಿತು, ಇಲಾಖೆ ಉಳಿಯಲಿಲ್ಲ. ಇದು ಬರೀ ಹೆಸರಿನ ತಪ್ಪಲ್ಲ. ನಿಮ್ಮ ಮಾಸ್ತರು ಮಹಾರಾಜರ ಸೀಮೆಯಲ್ಲಿ ಕೂತಿದ್ದಾರೆ, ಮಹಾರಾಜರ ನೌಕರರಲ್ಲ. ತಾಲ್ಲೂಕು ಕಚೇರಿಯಲ್ಲಿ ಮೂವರು ಗುಮಾಸ್ತರು ಕೂತಿದ್ದರೂ ಒಬ್ಬನನ್ನು ಎರವಲು ಕೇಳುವ ಹಕ್ಕು ಅವರಿಗಿಲ್ಲ.

ಸಣ್ಣಪುಟ್ಟವು: ಪಿನ್‌ಕೋಡ್ ಬಂದದ್ದು 1972ರಲ್ಲಿ, ತೆಗೆಯಿರಿ. ಕಾರ್ಡಿನ ಬೆಲೆ ಅರ್ಧಾಣೆ ಎಂದಿದ್ದೀರಿ, 1922ರವರೆಗೂ ಕಾಲಾಣೆ. ಪ್ಯಾಲೆಸ್ಟೈನಿನ ಹೈಫಾದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದು 1918ರ ಸೆಪ್ಟೆಂಬರ್ 23ರಂದು, ನಿಮ್ಮ ಕಥೆಯಲ್ಲಿ ಅಲ್ಲಿಂದ ಮಗ ಬರೆದ ಕಾಗದ ಅಕ್ಟೋಬರ್ ಮೊದಲ ವಾರವೇ ಘಟ್ಟದ ಮೇಲಿನ ತಾಯಿಯ ಕೈ ಸೇರದು. ಹಡಗು, ಸೆನ್ಸಾರು, ರೈಲು, ಹರಿಕಾರ ಎಲ್ಲ ದಾಟಿ ವಾರಗಳೇ ಬೇಕು. ಅವಳು ಕಾಯುತ್ತಿರಲಿ, ಅದು ಕಥೆಗೂ ಒಳ್ಳೆಯದು.

ಆ ತಾಯಿ ಕಿಟಕಿಗೆ ಬರುವ ದೃಶ್ಯವನ್ನು ಬೆಳೆಸಿ. ಬೆಳ್ಳಿಯ ಅಭಾವದಿಂದ 1917ರ ಕೊನೆಗೆ ಒಂದು ರೂಪಾಯಿ ನೋಟು, ಅದರ ಹಿಂದೆಯೇ ಎರಡೂವರೆ ರೂಪಾಯಿ ನೋಟು ಬಂದಿದ್ದವು. ಹಳ್ಳಿಯವರು ಕಾಗದದ ರೂಪಾಯಿ ನಂಬುತ್ತಿರಲಿಲ್ಲ. ಮಾಸ್ತರು ಐದು ರೂಪಾಯಿಯ ಮನಿಯಾರ್ಡರಿಗೆ ಎರಡೂವರೆಯ ಎರಡು ನೋಟು ಚಾಚುತ್ತಾರೆ. ಅವಳು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ‘ಇದ್ಯಾಕ್ ಮಾಸ್ತ್ರೇ, ಸದ್ದೇ ಆಗಂಗಿಲ್ವಲ್ಲ’ ಎಂದು ಹಿಂದಕ್ಕೆ ತಳ್ಳಲಿ. ಅವಳಿಗೆ ತಿಳಿಸಿ ಹೇಳುವಷ್ಟು ಹೊತ್ತಿಲ್ಲ, ಒಳಗೆ ಚೀಲ ಬಿಚ್ಚಿದಂತೇ ಇದೆ, ಹೆಬ್ಬೆಟ್ಟಿಗೆ ಸಾಕ್ಷಿ ಹಾಕಲು ಎರಡನೆಯ ಮನುಷ್ಯ ಬೇಕು. ನೀವು ಈ ಜಾಗದಲ್ಲಿ ಒಂದು ಪುಟ ಯುದ್ಧದ ಇತಿಹಾಸ ಹೇಳಿದ್ದೀರಿ, ಅದು ಬೇಡ.

ಮಾತಿನ ಬಗ್ಗೆ ಒಂದು ಮಾತು. ನಿಮ್ಮ ಹರಿಕಾರ ‘ಸಾರ್, ನನಗೆ ತುಂಬ ಒತ್ತಡವಾಗುತ್ತಿದೆ’ ಎನ್ನುತ್ತಾನೆ. ಅದು ಇವತ್ತಿನ ಕಚೇರಿಯ ಮಾತು. ‘ಅಯ್ಯಾ, ಕಾಲು ಏಳ್ತಿಲ್ಲ’ ಎಂದರೆ ಸಾಕು.

ಕೊನೆಯ ಸಾವನ್ನು ಕೈಬಿಡಿ ಎಂದು ಕೇಳಿಕೊಳ್ಳುತ್ತೇವೆ. ಹರಿಕಾರ ಸತ್ತಾಗ ಅಳು ಬಂದ ಓದುಗರಿಗೆ ಮಾಸ್ತರ ಸಾವು ಪುನರುಕ್ತಿಯಾಗುತ್ತದೆ. ಅದರ ಬದಲು ಇನ್ನೊಂದು ಕೆಲಸ ಇದೆ: ಬಟವಾಡೆಯಾಗದ ಕಾಗದಗಳು. ಪಡೆಯಬೇಕಾದವರು ಇಲ್ಲವಾದರೆ ಕಾರಣವನ್ನು ಕಾಗದದ ಮೇಲೆಯೇ ಬರೆದು, ತಾರೀಖು ಹಾಕಿ ಹಿಂದಕ್ಕೆ ಕಳಿಸಬೇಕು. ಆ ಅಕ್ಟೋಬರಿನಲ್ಲಿ ಮಾಸ್ತರು ಒಂದೇ ಸಲ ಕೂತು ಎಷ್ಟು ಕಾಗದಗಳ ಮೇಲೆ ‘ತೀರಿಕೊಂಡಿದ್ದಾರೆ’ ಎಂದು ಬರೆಯಬೇಕಾಯಿತು, ಕೈ ಎಲ್ಲಿ ನಿಂತಿತು, ಅದರಲ್ಲಿ ತಮ್ಮ ಹರಿಕಾರನ ಹೆಸರಿಗೆ ಬಂದದ್ದು ಒಂದು ಇತ್ತೇ? ಅಲ್ಲಿ ಬಿಡಿ.

ಏಳನೇ ಪುಟದಲ್ಲಿ, ದಿನಗೂಲಿಗೆ ಬಂದ ಹುಡುಗ ಚೀಲವನ್ನು ಮಾತ್ರ ಹೊತ್ತು, ಮೂಲೆಯಲ್ಲಿ ಒರಗಿಸಿಟ್ಟ ಗೆಜ್ಜೆಯ ಈಟಿಯನ್ನು ಮುಟ್ಟದೆ ಹೊರಡುವ ನಾಲ್ಕು ಸಾಲುಗಳಿವೆ. ಅವುಗಳಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಡಿ. ತಿದ್ದಿದ ಪ್ರತಿಗೆ ಕಾಯುತ್ತೇವೆ.

ಸಂಪಾದಕ